ಆದೇಶ ಕೊಟ್ಟವರು ಯಾರು? ಅಲಬಾಮಾದ ಜಡ್ಜ್ ಫ್ರ್ಯಾಂಕ್ ಜಾನ್ಸನ್ ಮತ್ತೆ ಮತ್ತೆ ಕೇಳಿದ ಪ್ರಶ್ನೆ

1945ರ ಡಿಸೆಂಬರ್. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ಆಗಷ್ಟೇ ಶುರುವಾಗಿತ್ತು. ಮೇಲಿನವರು ಹೇಳಿದ್ದನ್ನು ಮಾಡಿದೆವು ಅನ್ನುವ ನೆಪ ಇನ್ನು ಮುಂದೆ ನಡೆಯುವುದಿಲ್ಲ ಎಂದು ಗೆದ್ದ ದೇಶಗಳು ಜಗತ್ತಿಗೆಲ್ಲ ಸಾರುತ್ತಿದ್ದವು. ಅದೇ ತಿಂಗಳು ಲಂಡನ್‌ನಲ್ಲಿ ಅಮೆರಿಕದ ಸೇನೆ ತನ್ನದೇ ಸೈನಿಕರ ಮೇಲೆ ಇನ್ನೊಂದು ವಿಚಾರಣೆ ಆರಂಭಿಸಿತು. ಅದರ ಬಗ್ಗೆ ಇವತ್ತು ಮಾತಾಡುವವರು ಕಮ್ಮಿ.

ಇಂಗ್ಲೆಂಡಿನ ಲಿಚ್‌ಫೀಲ್ಡ್ ಎಂಬಲ್ಲಿ ಅಮೆರಿಕ ಸೇನೆಯ ಒಂದು ಡಿಪೋ ಇತ್ತು. ಗಾಯದಿಂದ ಚೇತರಿಸಿಕೊಂಡ ಸೈನಿಕರನ್ನು ಮತ್ತೆ ಯುದ್ಧಕ್ಕೆ ಕಳಿಸುವ ಜಾಗ ಅದು. ರಜೆ ಮೀರಿದವರು, ಹೇಳದೇ ಹೋದವರು ಅಲ್ಲಿನ ಬಂಧೀಖಾನೆಗೆ ಬೀಳುತ್ತಿದ್ದರು. ಒಳಗೆ ಲಾಠಿ ಏಟು, ಹಸಿವು, ಗಂಟೆಗಟ್ಟಲೆ ಗೋಡೆಗೆ ಮೂಗು ಹಚ್ಚಿ ನಿಲ್ಲಿಸುವುದು. ವಿಷಯ ಹೊರಬಿದ್ದಾಗ ಸೇನೆ ಏನು ಮಾಡಿತು? ಹೊಡೆದ ಕಾವಲುಗಾರರನ್ನು ಸಾಲಾಗಿ ಕೋರ್ಟ್ ಮಾರ್ಷಲ್‌ಗೆ ನಿಲ್ಲಿಸಿತು. ಎಲ್ಲರೂ ಕೆಳದರ್ಜೆಯ ಸಿಪಾಯಿಗಳು, ಸಾರ್ಜೆಂಟ್‌ಗಳು. ಡಿಪೋ ನಡೆಸುತ್ತಿದ್ದ ಕರ್ನಲ್ ಮಾತ್ರ ಸಾಕ್ಷಿಯ ಕುರ್ಚಿಯಲ್ಲಿ ಆರಾಮಾಗಿದ್ದ.

ಆ ಕಾವಲುಗಾರರ ಪರ ವಾದಿಸಿದ ಸೇನಾ ವಕೀಲರಲ್ಲಿ ಒಬ್ಬರು 27 ವರ್ಷದ ಫ್ರ್ಯಾಂಕ್ ಮಿನಿಸ್ ಜಾನ್ಸನ್. ನಾರ್ಮಂಡಿಯಲ್ಲಿ ಎರಡು ಸಲ ಗಾಯಗೊಂಡ ಕಾಲಾಳು ಪಡೆಯ ಅಧಿಕಾರಿ. ಕಾನೂನು ಓದಿದ್ದರಿಂದ ಆಸ್ಪತ್ರೆಯಿಂದ ಎದ್ದ ಮೇಲೆ ಅವರಿಗೆ ಈ ಕೆಲಸ ಬಿತ್ತು. ತಮ್ಮ ಕಕ್ಷಿದಾರರು ಹೊಡೆಯಲೇ ಇಲ್ಲ ಎಂದು ಸಾಧಿಸುವ ದಾರಿ ಅವರಿಗಿರಲಿಲ್ಲ, ಹೊಡೆದದ್ದು ನಿಜವಾಗಿತ್ತು. ಪ್ರತಿರಕ್ಷಣೆ ಹಿಡಿದ ದಾರಿ ಬೇರೆ: ಈ ಪದ್ಧತಿ ಹುಟ್ಟಿದ್ದು ಎಲ್ಲಿ, ಇದು ಗೊತ್ತಿದ್ದೂ ಸುಮ್ಮನಿದ್ದವರು ಯಾರು, ಅವರೇಕೆ ಈ ಕಟಕಟೆಯಲ್ಲಿಲ್ಲ ಎಂದು ಕೇಳುತ್ತಲೇ ಹೋಗುವುದು. ಕೊನೆಗೆ ಆ ಕರ್ನಲ್ ಮೇಲೂ ಆರೋಪಪಟ್ಟಿ ಬಂತು. 1946ರಲ್ಲಿ ಅವನು ತಪ್ಪಿತಸ್ಥ ಎಂದೂ ಆಯ್ತು. ಶಿಕ್ಷೆ? ಒಂದು ಛೀಮಾರಿ, 500 ಡಾಲರ್ ದಂಡ. ಕೆಳಗಿನ ಒಬ್ಬ ಸಾರ್ಜೆಂಟ್‌ಗೆ ವಿಧಿಸಿದ್ದು 3 ವರ್ಷದ ಸೆರೆ.

ಮುಂದೆ ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಜಡ್ಜ್ ಆಗಿ ಕೂತ ಜಾನ್ಸನ್ ಅವರ ತೀರ್ಪುಗಳನ್ನು ಓದುತ್ತಾ ಹೋದರೆ ಈ ಲಿಚ್‌ಫೀಲ್ಡ್ ಪದೇ ಪದೇ ನೆನಪಾಗುತ್ತದೆ. ಅವರನ್ನು ಸಾಮಾನ್ಯವಾಗಿ ಮಾರ್ಟಿನ್ ಲೂಥರ್ ಕಿಂಗ್ ಕಾಲದ ಉದಾರವಾದಿ ಜಡ್ಜ್ ಎಂದು ಪರಿಚಯಿಸುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಅವರು ಉದಾರವಾದಿಗಿಂತ ಹೆಚ್ಚಾಗಿ ಶಿಸ್ತಿನ ಮನುಷ್ಯ. ಆದರೆ ಶಿಸ್ತು ಅನ್ನುವುದು ಕೆಳಗಿನವರಿಗೆ ಮಾತ್ರ ಅನ್ವಯಿಸುವ ಸರಕಲ್ಲ ಎಂದು ತಿಳಿದಿದ್ದವರು.

ಹುಟ್ಟಿದ್ದು 1918ರ ಅಕ್ಟೋಬರ್ 30ರಂದು, ಅಲಬಾಮಾದ ಉತ್ತರದ ಗುಡ್ಡಗಾಡು ವಿನ್‌ಸ್ಟನ್ ಕೌಂಟಿಯಲ್ಲಿ. ಈ ಊರಿನ ಕಥೆ ಸ್ವಲ್ಪ ಹೇಳಲೇಬೇಕು. 1861ರಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಹೋದಾಗ, ಅಲಬಾಮಾದೊಳಗೇ ಇದ್ದ ಈ ಕೌಂಟಿ ಒಪ್ಪಲಿಲ್ಲ. ಬಡ ರೈತರ ನಾಡು, ಗುಲಾಮರನ್ನು ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಶ್ರೀಮಂತ ತೋಟದ ಮಾಲೀಕರಿಗಾಗಿ ನಾವೇಕೆ ಸಾಯಬೇಕು ಅನ್ನುವುದು ಅವರ ತಕರಾರು. ನೂರು ವರ್ಷ ಕಳೆದರೂ ಅಲ್ಲಿಯವರು ಲಿಂಕನ್ನರ ರಿಪಬ್ಲಿಕನ್ ಪಕ್ಷಕ್ಕೇ ಅಂಟಿಕೊಂಡಿದ್ದರು, ಅದೂ ಉಳಿದ ಅಲಬಾಮಾ ಪೂರ್ತಿ ಡೆಮಾಕ್ರಟಿಕ್ ಪಕ್ಷದ, ಅಂದರೆ ಆ ಕಾಲದಲ್ಲಿ ಬಿಳಿಯರ ಮೇಲಾಳ್ವಿಕೆಯ ಪಕ್ಷದ ಹಿಡಿತದಲ್ಲಿದ್ದಾಗ. ಜಾನ್ಸನ್‌ರ ಅಪ್ಪ ಕೂಡ ರಿಪಬ್ಲಿಕನ್. ಹೀಗಾಗಿ ಮಗನಿಗೆ ಅಲ್ಪಸಂಖ್ಯಾತ ಅಭಿಪ್ರಾಯದಲ್ಲಿ ಬದುಕುವುದು ಚಿಕ್ಕಂದಿನಿಂದಲೇ ರೂಢಿ.

ಅಲಬಾಮಾ ವಿಶ್ವವಿದ್ಯಾಲಯದ ಲಾ ಕಾಲೇಜಿನಲ್ಲಿ ಅವರ ಜೊತೆ ಓದಿದ ಹುಡುಗರಲ್ಲಿ ಒಬ್ಬ ಜಾರ್ಜ್ ವಾಲೇಸ್. ಇಬ್ಬರಿಗೂ ಒಳ್ಳೆಯ ಸ್ನೇಹ. ಜಾನ್ಸನ್ ಮತ್ತು ಅವರ ಹೆಂಡತಿ ರೂತ್ ಜೊತೆ ವಾಲೇಸ್ ಊಟ, ಹರಟೆ ಎಲ್ಲ ನಡೆಯುತ್ತಿತ್ತು. ಈ ಸ್ನೇಹ ಏನಾಯಿತು ಅನ್ನುವುದು ಅಮೆರಿಕದ ಇತಿಹಾಸದ ಒಂದು ಅಧ್ಯಾಯ.

ಯುದ್ಧ ಮುಗಿಸಿ ಬಂದು ಜ್ಯಾಸ್ಪರ್ ಎಂಬ ಪಟ್ಟಣದಲ್ಲಿ ವಕೀಲಿಕೆ ಮಾಡಿದರು. 1952ರಲ್ಲಿ ಐಸೆನ್‌ಹೋವರ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅಲಬಾಮಾದ ಮಾಜಿ ಸೈನಿಕರನ್ನು ಅವರ ಪರ ಒಟ್ಟುಗೂಡಿಸಿದರು. ಅದರ ಫಲವಾಗಿ 1953ರಲ್ಲಿ ಉತ್ತರ ಅಲಬಾಮಾದ ಕೇಂದ್ರ ಸರ್ಕಾರಿ ಪ್ರಾಸಿಕ್ಯೂಟರ್ ಹುದ್ದೆ ಸಿಕ್ಕಿತು. ರಾಜಕೀಯ ಕೃಪೆ ಹೌದು, ಮುಚ್ಚಿಡುವಂಥದ್ದೇನಿಲ್ಲ. ಅಲ್ಲಿದ್ದಾಗ ನಡೆಸಿದ ಒಂದು ಕೇಸ್ ಗಮನಾರ್ಹ: ಜೈಲಿನಲ್ಲಿದ್ದ ಕಪ್ಪು ಜನರ ದಂಡ ಕಟ್ಟಿ ಬಿಡಿಸಿ, ಆ ಸಾಲಕ್ಕೆ ತಮ್ಮ ಜಮೀನಿನಲ್ಲಿ ಜೀತಕ್ಕಿಟ್ಟುಕೊಂಡಿದ್ದ ಇಬ್ಬರು ಬಿಳಿಯ ಜಮೀನ್ದಾರ ಸಹೋದರರ ಮೇಲಿನದು. ಜೀತದಾಳುಗಳಲ್ಲಿ ಒಬ್ಬ ಏಟು ತಿಂದು ಸತ್ತಿದ್ದ. 1954ರಲ್ಲಿ, ಬಿಳಿಯರೇ ಕೂತಿದ್ದ ಜ್ಯೂರಿಯಿಂದ, ಜಾನ್ಸನ್ ಅವರಿಗೆ ಶಿಕ್ಷೆ ಕೊಡಿಸಿದರು.

1955ರ ನವೆಂಬರ್‌ನಲ್ಲಿ ಮಾಂಟ್‌ಗೊಮರಿ ನಗರದ ಫೆಡರಲ್ ಜಿಲ್ಲಾ ನ್ಯಾಯಾಧೀಶರಾಗಿ ಅಧಿಕಾರ ವಹಿಸಿಕೊಂಡಾಗ ಅವರಿಗೆ 37 ವರ್ಷ. ಇಲ್ಲಿ ನಮ್ಮ ಓದುಗರಿಗೆ ಒಂದು ಮಾತು. ನಮ್ಮಲ್ಲಿ ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟ್ ತನಕ ಒಂದೇ ಏಣಿ. ಅಮೆರಿಕದಲ್ಲಿ ರಾಜ್ಯಗಳ ಕೋರ್ಟುಗಳೇ ಬೇರೆ, ಕೇಂದ್ರದ ಅಂದರೆ ಫೆಡರಲ್ ಕೋರ್ಟುಗಳೇ ಬೇರೆ. ರಾಜ್ಯದ ಜಡ್ಜ್‌ಗಳು ಹಲವು ಕಡೆ ಚುನಾವಣೆಗೆ ನಿಂತು ಗೆಲ್ಲಬೇಕು, ಅಲಬಾಮಾದಲ್ಲೂ ಹಾಗೇ. ಫೆಡರಲ್ ಜಡ್ಜ್‌ನನ್ನು ಅಧ್ಯಕ್ಷರು ನೇಮಿಸಿ, ಸೆನೆಟ್ ಒಪ್ಪಿದರೆ ಜೀವನಪರ್ಯಂತ ಕುರ್ಚಿ. ನಿವೃತ್ತಿಯ ಮೇಲೆ ಯಾವ ಆಯೋಗ, ಯಾವ ರಾಜಭವನ ಎಂದು ಕಣ್ಣು ಹಾಯಿಸುವ ಅಗತ್ಯವಿಲ್ಲ. ಈ ರಕ್ಷಣೆ ಇದ್ದ ಎಲ್ಲರೂ ಜಾನ್ಸನ್ ಆಗಲಿಲ್ಲ ಅನ್ನುವುದೂ ಅಷ್ಟೇ ನಿಜ.

ಕುರ್ಚಿಯಲ್ಲಿ ಕೂತು ತಿಂಗಳೂ ತುಂಬಿರಲಿಲ್ಲ, ಡಿಸೆಂಬರ್ 1ರಂದು ಅದೇ ಊರಿನಲ್ಲಿ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಡಲು ಒಪ್ಪದೆ ಬಂಧನಕ್ಕೊಳಗಾದರು. ಬಸ್ ಬಹಿಷ್ಕಾರ ಶುರುವಾಯಿತು. ನಾವು ಶಾಲೆಯಲ್ಲಿ ಓದಿದ್ದು ಇಲ್ಲಿಗೆ ನಿಲ್ಲುತ್ತದೆ: ಪಾರ್ಕ್ಸ್ ಕೂತರು, ಕಿಂಗ್ ಎದ್ದರು, ಬಸ್ಸುಗಳು ಬದಲಾದವು. ನಿಜದಲ್ಲಿ ಬಸ್ಸಿನ ಕಾನೂನು ಬಿದ್ದದ್ದು ಇನ್ನೊಂದು ಕೇಸಿನಲ್ಲಿ. ಒರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು ಪಾರ್ಕ್ಸ್‌ಗಿಂತ 9 ತಿಂಗಳು ಮೊದಲೇ, 15ನೇ ವಯಸ್ಸಿಗೆ, ಸೀಟು ಬಿಡದೆ ಬಂಧನಕ್ಕೊಳಗಾದ ಕ್ಲಾಡೆಟ್ ಕೋಲ್ವಿನ್, ಈ ನಾಲ್ವರು ಹೆಣ್ಣುಮಕ್ಕಳು ಯುವ ವಕೀಲ ಫ್ರೆಡ್ ಗ್ರೇ ಮೂಲಕ ಫೆಡರಲ್ ಕೋರ್ಟಿಗೆ ಹೋದರು. ಮೂವರು ಜಡ್ಜ್‌ಗಳ ಪೀಠದಲ್ಲಿ ಜಾನ್ಸನ್ ಅತಿ ಕಿರಿಯ. 1956ರ ಜೂನ್ 5ರಂದು ಅವರು ಮತ್ತು ಹಿರಿಯ ಜಡ್ಜ್ ರಿಚರ್ಡ್ ರೀವ್ಸ್ ಸೇರಿ 2-1ರಲ್ಲಿ ಬಸ್ಸಿನ ಪ್ರತ್ಯೇಕತೆ ಸಂವಿಧಾನಬಾಹಿರ ಎಂದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅಲ್ಲಿಯವರೆಗೆ ಸುಪ್ರೀಂ ಕೋರ್ಟ್ ಪ್ರತ್ಯೇಕತೆ ತಪ್ಪು ಎಂದಿದ್ದದ್ದು ಮುಖ್ಯವಾಗಿ ಶಾಲೆಗಳ ವಿಷಯದಲ್ಲಿ. ಅದನ್ನು ಬಸ್ಸಿಗೆ ಹೊಂದಿಸಲು ಮೇಲಿನಿಂದ ಸೂಚನೆ ಬರುವ ತನಕ ಕಾಯಬಹುದಿತ್ತು. ಅವರಿಬ್ಬರು ಕಾಯಲಿಲ್ಲ.

ಅದೇ ವರ್ಷ ಜಾನ್ಸನ್‌ರ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು. ಅದು ಕು ಕ್ಲಕ್ಸ್ ಕ್ಲಾನ್‌ನ ಎಚ್ಚರಿಕೆ ಚೀಟಿ. ಊರಿನ ಗಣ್ಯರ ಕೂಟಗಳು ಅವರಿಗೆ ಬಾಗಿಲು ಹಾಕಿದವು.

ಈಗ ವಾಲೇಸ್. 1958ರ ಕೊನೆಗೆ ಅವನೂ ಜಡ್ಜ್ ಆಗಿದ್ದ, ಆದರೆ ರಾಜ್ಯದ ಕೋರ್ಟಿನಲ್ಲಿ. ಆ ವರ್ಷ ರಾಜ್ಯಪಾಲನ ಹುದ್ದೆಗೆ (ಅಲ್ಲಿ ರಾಜ್ಯಪಾಲ ಎಂದರೆ ನಮ್ಮ ಮುಖ್ಯಮಂತ್ರಿಯಂತೆ, ಜನರಿಂದ ಆಯ್ಕೆಯಾದವನು) ಪಕ್ಷದೊಳಗೇ ನಡೆದ ಸ್ಪರ್ಧೆಯಲ್ಲಿ ಸೋತಿದ್ದ. ಗೆದ್ದವನ ಬೆನ್ನಿಗೆ ಕ್ಲಾನ್ ಇತ್ತು. ಇನ್ನು ಮುಂದೆ ಜನಾಂಗದ್ವೇಷದ ವಿಷಯದಲ್ಲಿ ಯಾರಿಗೂ ಹಿಂದೆ ಬೀಳುವುದಿಲ್ಲ ಎಂದು ಲೆಕ್ಕ ಹಾಕಿಕೊಂಡ ವಾಲೇಸ್‌ಗೆ ಒಂದು ಅವಕಾಶ ಬಂತು. ಕಪ್ಪು ಜನರನ್ನು ಮತದಾರರ ಪಟ್ಟಿಯಿಂದ ಹೇಗೆ ಹೊರಗಿಟ್ಟಿದ್ದಾರೆ ಎಂದು ಪರಿಶೀಲಿಸಲು ಕೇಂದ್ರದ ನಾಗರಿಕ ಹಕ್ಕು ಆಯೋಗ ನೋಂದಣಿ ದಾಖಲೆಗಳನ್ನು ಕೇಳಿತ್ತು. ಕೊಡುವುದಿಲ್ಲ, ಬಂದರೆ ಜೈಲಿಗೆ ಹಾಕುತ್ತೇನೆ ಎಂದು ವಾಲೇಸ್ ಅಬ್ಬರಿಸಿದ. ಕೊಡಬೇಕು ಎಂದು ಜಾನ್ಸನ್ ಆದೇಶಿಸಿದರು.

ಜಾನ್ಸನ್ ಮುಂದೆ ಹೇಳಿಕೊಂಡ ಪ್ರಕಾರ, ಒಂದು ರಾತ್ರಿ ವಾಲೇಸ್ ಕದ್ದುಮುಚ್ಚಿ ಅವರ ಮನೆಗೆ ಬಂದ. ನ್ಯಾಯಾಂಗ ನಿಂದನೆಗೆ ಸಣ್ಣದೊಂದು ಶಿಕ್ಷೆ ಕೊಡು, ರಾಜಕೀಯವಾಗಿ ಅನುಕೂಲ ಆಗುತ್ತೆ ಎಂದು ಹಳೇ ಗೆಳೆಯನನ್ನು ಕೇಳಿದ. ಸಣ್ಣದಲ್ಲ, ಸರಿಯಾದ್ದೇ ಕೊಡುತ್ತೇನೆ ಎಂದಾಗ ಮೆತ್ತಗಾದ. ಗ್ರ್ಯಾಂಡ್ ಜ್ಯೂರಿಯ ಕೈಗೆ ಕೊಟ್ಟ ಹಾಗೆ ಮಾಡಿ, ಅವರ ಮೂಲಕ ದಾಖಲೆಗಳನ್ನು ಕೇಂದ್ರದವರಿಗೆ ದಾಟಿಸಿದ. ಹೊರಗೆ ಮಾತ್ರ ತಾನು ಬಗ್ಗಲೇ ಇಲ್ಲ ಎಂದು ಭಾಷಣ. 1959ರ ಜನವರಿಯಲ್ಲಿ ಜಾನ್ಸನ್ ಅವನನ್ನು ನಿಂದನೆ ಆರೋಪದಿಂದ ಖುಲಾಸೆ ಮಾಡಿದರು. ಆದರೆ ಆ ಆದೇಶದಲ್ಲೇ, ಈತ ಅಡ್ಡದಾರಿಯಲ್ಲಾದರೂ ದಾಖಲೆ ಕೊಟ್ಟಿದ್ದಾನೆ ಎಂದು ಬರೆದು, ವೀರಾವೇಶದ ಬಣ್ಣ ಕಳಚಿಟ್ಟರು. ಜೈಲಿಗೆ ಹಾಕಿದ್ದರೆ ವಾಲೇಸ್ ಹುತಾತ್ಮನಾಗುತ್ತಿದ್ದ. ಅವನು ಅದನ್ನು ಮರೆಯಲಿಲ್ಲ. 1962ರಲ್ಲಿ ರಾಜ್ಯಪಾಲನಾಗಿ ಗೆದ್ದದ್ದೇ ಈ ಜಡ್ಜ್‌ನನ್ನು ಸುಳ್ಳುಗಾರ, ದ್ರೋಹಿ ಎಂದು ಊರೂರು ಬೈದುಕೊಂಡು.

ಹಾಗಂತ ಜಾನ್ಸನ್‌ರನ್ನು ಚಳವಳಿಯ ಗೆಳೆಯ ಅಂದುಕೊಳ್ಳಬೇಡಿ. 1960ರಲ್ಲಿ ಮಾಂಟ್‌ಗೊಮರಿಯ ಅಲಬಾಮಾ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಕೋರ್ಟ್ ಕಟ್ಟಡದ ಕ್ಯಾಂಟೀನಿನಲ್ಲಿ, ಬಿಳಿಯರಿಗೆ ಮೀಸಲಾದ ಜಾಗದಲ್ಲಿ ಊಟಕ್ಕೆ ಕೂತರು. ಕಾಲೇಜು ನೋಟಿಸ್ ಇಲ್ಲ, ವಿಚಾರಣೆ ಇಲ್ಲ, ಹಲವರನ್ನು ಹೊರಹಾಕಿತು. ವಿದ್ಯಾರ್ಥಿಗಳು ಜಾನ್ಸನ್‌ರ ಮುಂದೆ ಬಂದರು. ಸರ್ಕಾರಿ ಕಾಲೇಜಿನಲ್ಲಿ ಓದುವುದು ಹಕ್ಕಲ್ಲ, ವಿಚಾರಣೆ ನಡೆಸುವ ಬಾಧ್ಯತೆ ಕಾಲೇಜಿಗಿಲ್ಲ ಎಂದು ಅವರು ಕೇಸ್ ವಜಾ ಮಾಡಿದರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಆ ತೀರ್ಪು ಬರೆದವರು ಬಸ್ ಕೇಸಿನಲ್ಲಿ ಜೊತೆಗಿದ್ದ ಅದೇ ರೀವ್ಸ್. ವಿದ್ಯಾರ್ಥಿಯನ್ನು ಹೊರಹಾಕುವ ಮುನ್ನ ಅವನ ಮಾತು ಕೇಳಬೇಕು ಅನ್ನುವ ನಿಯಮ ಅಮೆರಿಕದ ಸರ್ಕಾರಿ ಕಾಲೇಜುಗಳಲ್ಲಿ ಬೇರುಬಿಟ್ಟದ್ದು ಹೀಗೆ, ಜಾನ್ಸನ್ ಸೋತ ಕೇಸಿನಿಂದ.

ಟಸ್ಕೀಗಿ ಪಟ್ಟಣದ ಗಡಿಯ ಕೇಸ್ ಇನ್ನೊಂದು. ಕಪ್ಪು ಮತದಾರರನ್ನೆಲ್ಲ ಊರಾಚೆಗೆ ತಳ್ಳಲು ಚೌಕಾಕಾರದ ಪಟ್ಟಣವನ್ನು 28 ಬದಿಗಳ ವಿಚಿತ್ರ ಆಕೃತಿಯಾಗಿ ಕತ್ತರಿಸಿದ್ದರು. ಗಡಿ ಹಾಕುವುದು ಶಾಸಕಾಂಗದ ಕೆಲಸ, ನನ್ನ ಕೈ ಕಟ್ಟಿದೆ ಎಂದು ಜಾನ್ಸನ್ ವಜಾ ಮಾಡಿದರು. 1960ರಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಅದನ್ನು ತಿರುಗಿಸಿತು. 1961ರಲ್ಲಿ ಫ್ರೀಡಂ ರೈಡ್‌ನ ಯಾತ್ರಿಗಳನ್ನು ಮಾಂಟ್‌ಗೊಮರಿ ಬಸ್ ನಿಲ್ದಾಣದಲ್ಲಿ ಗುಂಪು ಬಡಿದಾಗ, ಕ್ಲಾನ್‌ಗೂ ನಾಪತ್ತೆಯಾಗಿದ್ದ ಪೊಲೀಸರಿಗೂ ತಡೆಯಾಜ್ಞೆ ಕೊಟ್ಟರು. ಅದೇ ಉಸಿರಿನಲ್ಲಿ, ಯಾತ್ರೆ ಆಯೋಜಿಸಿದ ಸಂಘಟನೆಗಳಿಗೂ ತಾತ್ಕಾಲಿಕ ತಡೆ ಹಾಕಿದರು! ಹೊಡೆದವನಿಗೂ ಹೊಡೆಸಿಕೊಂಡವನಿಗೂ ಒಂದೇ ಅಳತೆ. ಇದು ಅವರ ಶಿಸ್ತಿನ ಕುರುಡು ಮಗ್ಗುಲು.

ಕುರುಡು ನಿಧಾನಕ್ಕೆ ಕಡಿಮೆಯಾದದ್ದು ಮತದಾರರ ಪಟ್ಟಿಯ ಕೇಸುಗಳಲ್ಲಿ ಅನ್ನುವುದು ನನ್ನ ಓದು. ನೋಂದಣಿ ಅಧಿಕಾರಿಗಳು ಕಪ್ಪು ಶಿಕ್ಷಕರನ್ನು, ಪದವೀಧರರನ್ನು ಸಣ್ಣಪುಟ್ಟ ತಪ್ಪು ಹುಡುಕಿ ತಿರಸ್ಕರಿಸುತ್ತಿದ್ದರು. ಅರ್ಜಿಯನ್ನು ನೆಟ್ಟಗೆ ತುಂಬಲು ಬಾರದ ಬಿಳಿಯರನ್ನು ಕೈಹಿಡಿದು ಬರೆಸಿ ಸೇರಿಸುತ್ತಿದ್ದರು. ಸೇನಾ ವಿಚಾರಣೆಯಲ್ಲಿ ಕಾಗದಪತ್ರ ಜಾಲಾಡಿ ಅಭ್ಯಾಸವಿದ್ದ ಜಾನ್ಸನ್ ಅರ್ಜಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಬರೀ ತಾರತಮ್ಯ ನಿಲ್ಲಿಸಿ ಅನ್ನಲಿಲ್ಲ. ಇಲ್ಲಿಯವರೆಗೆ ಸೇರಿಸಿಕೊಂಡ ಬಿಳಿಯರಲ್ಲಿ ಅತಿ ಕಡಿಮೆ ಅರ್ಹತೆಯವನಿಗೆ ಹಚ್ಚಿದ ಅಳತೆಯನ್ನೇ ಕಪ್ಪು ಅರ್ಜಿದಾರರಿಗೂ ಹಚ್ಚಿ ಎಂದರು. ಇದರ ಚುರುಕು ಗಮನಿಸಿ. ಇವತ್ತಿನಿಂದ ಎಲ್ಲರಿಗೂ ಕಠಿಣ ಪರೀಕ್ಷೆ ಎಂದಿದ್ದರೆ, ಆಗಲೇ ಒಳಗೆ ಕೂತ ಬಿಳಿಯರು ಒಳಗೇ, ಹೊರಗಿದ್ದ ಕಪ್ಪು ಜನ ಹೊರಗೇ ಉಳಿಯುತ್ತಿದ್ದರು. ಮೇಲ್ನೋಟಕ್ಕೆ ಸಮಾನವಾದ ನಿಯಮ ಹಳೆಯ ಅನ್ಯಾಯಕ್ಕೆ ಬೀಗ ಹಾಕಿ ಕಾಪಾಡುತ್ತಿತ್ತು.

1963ರಲ್ಲಿ ಮೇಕನ್ ಕೌಂಟಿಯ ಶಾಲೆಗೆ 13 ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳಲು ಜಾನ್ಸನ್ ಆದೇಶಿಸಿದರು. ಸ್ಥಳೀಯ ಶಾಲಾ ಮಂಡಳಿ ಒಪ್ಪಿತು. ಆಗ ರಾಜ್ಯಪಾಲ ವಾಲೇಸ್ ತನ್ನ ಪೊಲೀಸರನ್ನು ಕಳಿಸಿ ಶಾಲೆಗೇ ಬಾಗಿಲು ಹಾಕಿಸಿದ. ವಾಲೇಸ್ ಎಡವಿದ್ದು ಇಲ್ಲೇ. ಅಲ್ಲಿಯವರೆಗೆ ಪ್ರತಿ ಊರಿನ ಶಾಲಾ ಮಂಡಳಿಯ ಮೇಲೂ ಬೇರೆ ಬೇರೆ ಕೇಸ್ ಹಾಕಬೇಕಿತ್ತು, ನೂರು ಊರಿಗೆ ನೂರು ಕೇಸ್, ಒಂದೊಂದೂ ವರ್ಷಗಟ್ಟಲೆ. ಈಗ ಜಾನ್ಸನ್ ಮತ್ತು ಅವರ ಸಹ ನ್ಯಾಯಾಧೀಶರು ಕೇಳಿದ್ದು ಹಳೆಯ ಲಿಚ್‌ಫೀಲ್ಡ್ ಪ್ರಶ್ನೆ. ಈ ಶಾಲೆ ಮುಚ್ಚಲು ಆದೇಶ ಕೊಟ್ಟವರು ಯಾರು? ರಾಜ್ಯವೇ ತಾನೇ? ಹಾಗಾದರೆ ಎಲ್ಲ ಶಾಲೆಗಳ ಹೊಣೆಯೂ ರಾಜ್ಯದ್ದೇ. 1967ರ ಮಾರ್ಚ್‌ನಲ್ಲಿ ಒಂದೇ ಆದೇಶದಲ್ಲಿ ಅಲಬಾಮಾದ 99 ಶಾಲಾ ವ್ಯವಸ್ಥೆಗಳು ಪ್ರತ್ಯೇಕತೆ ಬಿಡಬೇಕಾಯಿತು. ಇಡೀ ರಾಜ್ಯಕ್ಕೆ ಅನ್ವಯಿಸಿದ ಇಂಥ ಆದೇಶ ಅಮೆರಿಕದಲ್ಲಿ ಇದೇ ಮೊದಲು. ಮರುತಿಂಗಳೇ ಜಾನ್ಸನ್‌ರ ತಾಯಿಯ ಮನೆಗೆ ಬಾಂಬ್ ಬಿತ್ತು. ಅಪ್ಪನ ಹೆಸರೂ ಫ್ರ್ಯಾಂಕ್ ಜಾನ್ಸನ್ ಆಗಿದ್ದರಿಂದ ವಿಳಾಸ ತಪ್ಪಿರಬೇಕು. ಒಳಗಿದ್ದ ಆ ತಾಯಿ ಹೇಗೋ ಬಚಾವಾದರು.

ಸೆಲ್ಮಾದ ಕಥೆಯನ್ನು ಸಿನಿಮಾದಲ್ಲಿ ನೋಡಿದವರಿದ್ದೀರಿ. 1965ರ ಮಾರ್ಚ್ 7ರಂದು ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ ಮತದ ಹಕ್ಕಿಗಾಗಿ ನಡೆದು ಹೊರಟವರನ್ನು ರಾಜ್ಯ ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳಿಂದ ತುಳಿದರು. ಮರುದಿನವೇ ಚಳವಳಿಗಾರರು ಜಾನ್ಸನ್‌ರ ಕೋರ್ಟಿಗೆ ಬಂದರು. ಅವರು ತಕ್ಷಣ ಅನುಮತಿ ಕೊಡಲಿಲ್ಲ, ಬದಲಿಗೆ ವಿಚಾರಣೆ ಮುಗಿಯುವ ತನಕ ಯಾರೂ ಮೆರವಣಿಗೆ ಹೋಗಬಾರದು ಎಂದರು. ಮಾರ್ಚ್ 9ರಂದು ಕಿಂಗ್ ಸೇತುವೆಯ ತನಕ ಜನರನ್ನು ನಡೆಸಿ, ಪ್ರಾರ್ಥಿಸಿ, ಹಿಂತಿರುಗಿದರು. ಯುವ ಕಾರ್ಯಕರ್ತರಿಗೆ ಕಿಂಗ್ ಮೇಲೂ ಕೋಪ, ಜಡ್ಜ್ ಮೇಲೂ ಕೋಪ. ಆ ರಾತ್ರಿ ಹೊರ ಊರಿನಿಂದ ಬಂದಿದ್ದ ಪಾದ್ರಿ ಜೇಮ್ಸ್ ರೀಬ್ ಅವರನ್ನು ಸೆಲ್ಮಾದ ಬೀದಿಯಲ್ಲಿ ಬಡಿದರು, ಎರಡು ದಿನಕ್ಕೆ ಅವರು ತೀರಿಕೊಂಡರು. ಜಡ್ಜ್ ತಡ ಮಾಡಿದ್ದಕ್ಕೆ ಬೆಲೆ ತೆತ್ತೆವು ಎಂದು ಆ ಯುವಕರಿಗೆ ಅನ್ನಿಸಿದ್ದರೆ ತಪ್ಪೆನ್ನಲಾಗದು.

ವಿಚಾರಣೆಯಲ್ಲಿ ಸೇತುವೆಯ ಮೇಲಿನ ಹಲ್ಲೆಯ ಟಿವಿ ಚಿತ್ರವನ್ನು ಕೋರ್ಟಿನಲ್ಲೇ ಹಾಕಿ ತೋರಿಸಿದರು. ಅಂಕಿ ಅಂಶ ಎದುರಿಗಿತ್ತು: ಸೆಲ್ಮಾ ಇರುವ ಡಲ್ಲಾಸ್ ಕೌಂಟಿಯಲ್ಲಿ ಮತದಾನದ ವಯಸ್ಸಿನ ಸುಮಾರು 15,000 ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ನಾನೂರಕ್ಕಿಂತ ಕಡಿಮೆ. ಪಕ್ಕದ ಲೌಂಡ್ಸ್ ಕೌಂಟಿಯಲ್ಲಿ 1965 ಶುರುವಾದಾಗ ಒಬ್ಬರೂ ಇರಲಿಲ್ಲ. ಮಾರ್ಚ್ 17ರಂದು ತೀರ್ಪು ಬಂತು. ಹೆದ್ದಾರಿಯಲ್ಲಿ ದಿನಗಟ್ಟಲೆ ಮೆರವಣಿಗೆ ಸಾಗುವುದು ಸಂವಿಧಾನ ಕೊಡುವ ಹಕ್ಕಿನ ಕಟ್ಟಕಡೆಯ ಅಂಚು, ಅದನ್ನು ಜಾನ್ಸನ್ ಮುಚ್ಚಿಡಲಿಲ್ಲ. ಆದರೆ ಪ್ರತಿಭಟನೆಯ ಹಕ್ಕಿನ ಅಗಲ ಎಷ್ಟಿರಬೇಕು ಅನ್ನುವುದನ್ನು ಪ್ರತಿಭಟಿಸುತ್ತಿರುವ ಅನ್ಯಾಯದ ಗಾತ್ರಕ್ಕೆ ತಕ್ಕಂತೆ ಅಳೆಯಬೇಕು, ಇಲ್ಲಿ ಅನ್ಯಾಯ ಅಗಾಧ ಎಂಬುದು ಅವರ ತರ್ಕ. ರಸ್ತೆ ತಡೆದು ಜನರಿಗೆ ತೊಂದರೆ ಅನ್ನುವ ವಾದವನ್ನು ಮಾತ್ರ ಕೇಳಿ ಬೆಳೆದ ನಮ್ಮ ತಲೆಮಾರು ಈ ತರ್ಕವನ್ನು ಎರಡು ಸಲ ಓದಬೇಕು. ವಕೀಲರಲ್ಲಿ ಇದನ್ನು ಒಪ್ಪದವರು ಬಹಳ: ಅನ್ಯಾಯದ ಗಾತ್ರ ಅಳೆಯುವವರು ಯಾರು, ನಾಳೆ ಕ್ಲಾನ್ ಕೂಡ ತನಗೆ ಅಗಾಧ ಅನ್ಯಾಯವಾಗಿದೆ ಎಂದರೆ? ಗಟ್ಟಿ ಪ್ರಶ್ನೆಯೇ. ಜಾನ್ಸನ್‌ರ ಮುಂದೆ ಇದ್ದದ್ದು ಯಾರದೋ ಅನಿಸಿಕೆಯಲ್ಲ, ನೋಂದಣಿ ಪುಸ್ತಕಗಳು ಎಂಬುದಷ್ಟೇ ಅದಕ್ಕಿರುವ ಉತ್ತರ.

ಅನುಮತಿಯಲ್ಲೂ ಸೇನೆಯ ಕೈಬರಹ ಕಾಣುತ್ತದೆ. ಎರಡೇ ಲೇನ್ ಇರುವ ಕಡೆ 300 ಜನ ಮೀರುವಂತಿಲ್ಲ, ರಾಜ್ಯ ರಕ್ಷಣೆ ಕೊಡಬೇಕು, ರಾಜ್ಯಪಾಲ ಅಡ್ಡ ಬರಬಾರದು. ಮಾರ್ಚ್ 25ರಂದು ಮಾಂಟ್‌ಗೊಮರಿ ಮುಟ್ಟಿದಾಗ 25,000 ಜನ. ಆ ರಾತ್ರಿ ಕಾರ್ಯಕರ್ತರನ್ನು ಕಾರಿನಲ್ಲಿ ಮನೆಗೆ ಬಿಡುತ್ತಿದ್ದ ವಯೋಲಾ ಲಿಯುಟ್ಜೊ ಎಂಬ ಬಿಳಿಯ ಗೃಹಿಣಿಯನ್ನು ಕ್ಲಾನ್‌ನವರು ಗುಂಡಿಟ್ಟು ಕೊಂದರು. ರಾಜ್ಯದ ಕೋರ್ಟು ಗುಂಡು ಹಾರಿಸಿದವನನ್ನು ಬಿಟ್ಟುಬಿಟ್ಟಿತು. ಡಿಸೆಂಬರ್‌ನಲ್ಲಿ ಜಾನ್ಸನ್‌ರ ಕೋರ್ಟಿನಲ್ಲಿ, ಅಂತರ್ಯುದ್ಧದ ನಂತರದ ಹಳೇ ಫೆಡರಲ್ ಕಾನೂನಿನಡಿ, ಮೂವರಿಗೆ ತಲಾ 10 ವರ್ಷ ಶಿಕ್ಷೆಯಾಯಿತು. ಆಗಸ್ಟ್‌ನಲ್ಲೇ ಮತದಾನ ಹಕ್ಕು ಕಾಯ್ದೆ ಬಂದಿತ್ತು.

ಸೇತುವೆಯ ಮೇಲೆ ಲಾಠಿ ಬೀಸಿದ ಆ ರಾಜ್ಯ ಪೊಲೀಸ್ ಪಡೆಯ ಸರದಿ 1972ರಲ್ಲಿ ಬಂತು. 37 ವರ್ಷಗಳ ಅದರ ಇತಿಹಾಸದಲ್ಲಿ ಒಬ್ಬ ಕಪ್ಪು ಟ್ರೂಪರ್ ಕೂಡ ಇರಲಿಲ್ಲ. ಇನ್ನು ಒಬ್ಬ ಬಿಳಿಯನನ್ನು ತೆಗೆದುಕೊಂಡರೆ ಒಬ್ಬ ಕಪ್ಪು ವ್ಯಕ್ತಿಯನ್ನೂ ತೆಗೆದುಕೊಳ್ಳಿ, ಪಡೆಯಲ್ಲಿ ಅವರು ಶೇ. 25 ಆಗುವ ತನಕ, ಎಂದು ಜಾನ್ಸನ್ ಆದೇಶಿಸಿದರು. ಮೀಸಲಾತಿ ಎಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಅಮೆರಿಕಕ್ಕೆ ಇದು ದೊಡ್ಡ ಆಘಾತ.

ಸೇನೆಯೂ ಅವರಿಂದ ತಪ್ಪಿಸಿಕೊಳ್ಳಲಿಲ್ಲ. ಮಾಂಟ್‌ಗೊಮರಿಯ ಮ್ಯಾಕ್ಸ್‌ವೆಲ್ ವಾಯುನೆಲೆಯಲ್ಲಿ ಶಾರನ್ ಫ್ರಾಂಟಿಯೆರೊ ಎಂಬ ಲೆಫ್ಟಿನೆಂಟ್ ಇದ್ದರು. ಪುರುಷ ಅಧಿಕಾರಿಯ ಹೆಂಡತಿಗೆ ಮನೆ ಭತ್ಯೆ, ವೈದ್ಯಕೀಯ ಸೌಲಭ್ಯ ತಾನಾಗಿ ಸಿಗುತ್ತಿತ್ತು. ಮಹಿಳಾ ಅಧಿಕಾರಿಯಾದರೆ, ಗಂಡನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ತನ್ನ ಸಂಬಳದಿಂದ ಹೋಗುತ್ತಿದೆ ಎಂದು ಸಾಬೀತು ಮಾಡಬೇಕು. ಪೀಠದ ಇಬ್ಬರು, ಅವರಲ್ಲಿ ರೀವ್ಸ್ ಕೂಡ ಒಬ್ಬರು, ಆಡಳಿತದ ಅನುಕೂಲಕ್ಕೆ ಇದು ಸರಿ ಎಂದರು. ಜಾನ್ಸನ್ ಒಬ್ಬರೇ ಭಿನ್ನಮತ ಬರೆದರು. 1973ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ ಫ್ರಾಂಟಿಯೆರೊ ಪರ ನಿಂತಿತು. ರೂತ್ ಬೇಡರ್ ಗಿನ್ಸ್‌ಬರ್ಗ್ ಸುಪ್ರೀಂ ಕೋರ್ಟಿನಲ್ಲಿ ಮೊದಲ ಸಲ ಎದ್ದು ವಾದಿಸಿದ್ದು ಈ ಕೇಸಿನಲ್ಲೇ.

1970ರಲ್ಲಿ ಬಂದ ಒಂದು ಕೇಸ್ ಶುರುವಾದದ್ದು ಸಿಗರೇಟಿನಿಂದ. ಸಿಗರೇಟು ತೆರಿಗೆ ಆದಾಯ ಕುಸಿದು, ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆ ಸುಮಾರು ನೂರು ನೌಕರರನ್ನು ತೆಗೆದುಹಾಕಿತು. ಅವರು ಕೋರ್ಟಿಗೆ ಬಂದಾಗ, ನೌಕರಿಯ ಪ್ರಶ್ನೆಯ ಹಿಂದಿನಿಂದ ರೋಗಿಗಳ ಪ್ರಶ್ನೆ ಎದ್ದಿತು: 5,000ಕ್ಕೂ ಹೆಚ್ಚು ರೋಗಿಗಳು, ಇರುವ ವೈದ್ಯರು ಬೆರಳೆಣಿಕೆ, ಒಬ್ಬೊಬ್ಬರ ಊಟಕ್ಕೆ ದಿನಕ್ಕೆ 50 ಸೆಂಟ್ ಕೂಡ ಇಲ್ಲ. ಕೇಸಿಗೆ ಹೆಸರಾದದ್ದು ರಿಕಿ ವಯಟ್ ಎಂಬ 15 ವರ್ಷದ ಹುಡುಗ. ಅವನಿಗೆ ಮಾನಸಿಕ ಕಾಯಿಲೆಯೇ ಇರಲಿಲ್ಲ, ತುಂಟ ಎಂದು ತಂದು ಹಾಕಿದ್ದರು. ಚಿಕಿತ್ಸೆಗೆಂದು ಒಬ್ಬರ ಸ್ವಾತಂತ್ರ್ಯ ಕಿತ್ತುಕೊಂಡ ಮೇಲೆ ಚಿಕಿತ್ಸೆ ಕೊಡಲೇಬೇಕು, ಇಲ್ಲವಾದರೆ ಅದು ಬರೀ ಸೆರೆ ಎಂದರು ಜಾನ್ಸನ್. ದುಡ್ಡಿಲ್ಲ ಎಂದಿತು ರಾಜ್ಯ. ಅದು ಉತ್ತರವಲ್ಲ ಎಂದು, 1972ರಲ್ಲಿ ಎಷ್ಟು ರೋಗಿಗೆ ಎಷ್ಟು ಸಿಬ್ಬಂದಿ, ಎಷ್ಟು ಶೌಚಾಲಯ, ಕೋಣೆಯ ಉಷ್ಣಾಂಶ ಎಷ್ಟಿರಬೇಕು ಎಂಬಲ್ಲಿಯವರೆಗೂ ಪಟ್ಟಿ ಕೊಟ್ಟರು.

1976ರಲ್ಲಿ ಜೈಲುಗಳ ಸರದಿ. ಒಂದು ಕಡೆ 200ಕ್ಕೂ ಹೆಚ್ಚು ಗಂಡಸರಿಗೆ ಕೆಲಸ ಮಾಡುವ ಶೌಚಾಲಯ ಒಂದೇ ಒಂದು. ಅಲಬಾಮಾದ ಜೈಲಿನಲ್ಲಿರುವುದೇ ಕ್ರೂರ ಶಿಕ್ಷೆ ಎಂದು ಅವರು ತೀರ್ಮಾನಿಸಿ, ಪ್ರತಿ ಕೈದಿಗೆ ಕನಿಷ್ಠ 60 ಚದರಡಿ, ಊಟಕ್ಕೆ ತಟ್ಟೆ ಚಮಚ, ಎಲ್ಲ ಬರೆದುಕೊಟ್ಟು, ಮೇಲ್ವಿಚಾರಣೆಗೆ 39 ಜನರ ಸಮಿತಿ ನೇಮಿಸಿದರು. ವಾಲೇಸ್‌ಗೆ ಇದು ಹಬ್ಬವಾಯಿತು, ಜೈಲನ್ನು ಐಷಾರಾಮಿ ಹೋಟೆಲ್ ಮಾಡಲು ಹೊರಟಿದ್ದಾನೆ ಎಂದು ಲೇವಡಿ ಮಾಡಿದ. ಲೇವಡಿ ಬಿಟ್ಟರೂ ಒಂದು ಆಕ್ಷೇಪ ಉಳಿಯುತ್ತದೆ: ಯಾರೂ ಮತ ಹಾಕದ ಒಬ್ಬ ಜಡ್ಜ್ ರಾಜ್ಯದ ಶಾಲೆ, ಆಸ್ಪತ್ರೆ, ಜೈಲು, ಪೊಲೀಸ್ ಎಲ್ಲವನ್ನೂ ನಡೆಸುವುದು ಪ್ರಜಾಪ್ರಭುತ್ವವೇ? ಮೇಲ್ಮನವಿ ನ್ಯಾಯಾಲಯಕ್ಕೂ ಇರಿಸುಮುರಿಸಾಗಿ, ಮೂಲ ತೀರ್ಪು ಉಳಿಸಿ ಆ ಸಮಿತಿಯನ್ನು ತೆಗೆದುಹಾಕಿತು. ನನಗನ್ನಿಸುವುದು, ಈ ಆಕ್ಷೇಪ ಎತ್ತುವ ಹಕ್ಕು ವಾಲೇಸ್‌ಗೆ ಇರಲಿಲ್ಲ. ತನ್ನ ಕಪ್ಪು ಜನರಲ್ಲಿ ಬಹುಪಾಲು ಮಂದಿಯನ್ನು ಮತಪಟ್ಟಿಯಿಂದ ಹೊರಗಿಟ್ಟ, ಶಾಸಕಾಂಗದ ಕ್ಷೇತ್ರಗಳನ್ನು ಆರು ದಶಕ ಮರುವಿಂಗಡಿಸದೆ ಕೂತ ರಾಜ್ಯ, ಜನಾದೇಶದ ಮಾತಾಡುವುದು ಹೇಗೆ? ಆ ಕ್ಷೇತ್ರಗಳ ಮರುವಿಂಗಡಣೆ ಆದೇಶಿಸಿದ ಪೀಠದಲ್ಲೂ 1962ರಲ್ಲಿ ಇದ್ದವರು ಜಾನ್ಸನ್ನೇ.

ಮನೆಯೊಳಗೆ ನೆಮ್ಮದಿ ಇರಲಿಲ್ಲ. ಸುಮಾರು ಎರಡು ದಶಕ ಫೆಡರಲ್ ಮಾರ್ಷಲ್‌ಗಳ ಕಾವಲು. ದತ್ತು ಮಗ ಜಾನಿ 1975ರಲ್ಲಿ ತೀರಿಕೊಂಡ. ತಂಬಾಕು ಜಗಿಯುತ್ತಾ, ಓದುವ ಕನ್ನಡಕದ ಮೇಲಿನಿಂದ ದಿಟ್ಟಿಸಿದರೆ ವಕೀಲರು ನಡುಗುತ್ತಿದ್ದ ಈ ಮನುಷ್ಯ ಬಿಡುವಿನಲ್ಲಿ ಮರಗೆಲಸ ಮಾಡುತ್ತಿದ್ದರು, ಮೀನು ಹಿಡಿಯಲು ಹೋಗುತ್ತಿದ್ದರು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅವರನ್ನು ಎಫ್‌ಬಿಐ ಮುಖ್ಯಸ್ಥರಾಗಿ ಹೆಸರಿಸಿದರು, ಆದರೆ ಮುಖ್ಯ ರಕ್ತನಾಳದ ಶಸ್ತ್ರಚಿಕಿತ್ಸೆಯಾಗಿ ಹಿಂದೆ ಸರಿಯಬೇಕಾಯಿತು. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ.

ಅಲ್ಲಿದ್ದಾಗ 1985ರಲ್ಲಿ ಇನ್ನೊಂದು ತೀರ್ಪು ಬರೆದರು. ಅಟ್ಲಾಂಟಾದ ಮೈಕೆಲ್ ಹಾರ್ಡ್‌ವಿಕ್‌ನನ್ನು ಪೊಲೀಸರು ಅವನದೇ ಮಲಗುವ ಕೋಣೆಯಲ್ಲಿ ಸಲಿಂಗ ಕಾಮದ ಆರೋಪದ ಮೇಲೆ ಬಂಧಿಸಿದ್ದರು. ಮನೆಯೊಳಗಿನ ಆಪ್ತ ಸಂಬಂಧಕ್ಕೆ ಸಂವಿಧಾನದ ರಕ್ಷಣೆಯಿದೆ ಎಂದರು 66 ವರ್ಷದ ಜಾನ್ಸನ್. ಮರುವರ್ಷ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ತಿರಸ್ಕರಿಸಿತು. 2003ರಲ್ಲಿ ಅದೇ ಕೋರ್ಟು, ಲಾರೆನ್ಸ್ ಎಂಬ ಕೇಸಿನಲ್ಲಿ, ತನ್ನ ಹಳೇ ತೀರ್ಪು ಮೊದಲಿಗೇ ತಪ್ಪಾಗಿತ್ತು ಎಂದು ಒಪ್ಪಿಕೊಂಡಿತು. 2018ರಲ್ಲಿ ಸೆಕ್ಷನ್ 377 ಕುರಿತ ನಮ್ಮ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಲಾರೆನ್ಸ್ ಚರ್ಚೆಗೆ ಬರುತ್ತದೆ.

ಗುಂಡೇಟು ತಿಂದು ಗಾಲಿಕುರ್ಚಿ ಸೇರಿದ್ದ ವಾಲೇಸ್ ಕೊನೆಗಾಲದಲ್ಲಿ ಕಪ್ಪು ಜನರ ಚರ್ಚುಗಳಿಗೆ ಹೋಗಿ ಕ್ಷಮೆ ಕೇಳಿದ, ಅನೇಕರು ಕ್ಷಮಿಸಿದರು. 1998ರಲ್ಲಿ ತೀರಿಕೊಂಡ. ಅದಕ್ಕೆ ಮುಂಚೆ, 1992ರಲ್ಲಿ, ಮಾಂಟ್‌ಗೊಮರಿಯ ಫೆಡರಲ್ ಕೋರ್ಟ್ ಕಟ್ಟಡಕ್ಕೆ ಜಾನ್ಸನ್‌ರ ಹೆಸರಿಟ್ಟರು. 1995ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು. 1999ರ ಜುಲೈ 23ರಂದು, 80ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಬ್ರೈಸ್ ಆಸ್ಪತ್ರೆಯ ಕೇಸ್ ಮುಗಿದದ್ದು ಅವರು ಸತ್ತು ನಾಲ್ಕು ವರ್ಷಕ್ಕೆ, 2003ರಲ್ಲಿ. ಜೈಲುಗಳ ಮೇಲೆ ಕೋರ್ಟಿನ ಕಣ್ಣು ಅದಕ್ಕೂ ಎಷ್ಟೋ ಮೊದಲೇ ಸರಿದಿತ್ತು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಅಲಬಾಮಾ ರಾಜ್ಯದ ಮೇಲೆ ಹೊಸದೊಂದು ದಾವೆ ಹೂಡಿತು. ಆರೋಪ: ಗಂಡಸರ ಜೈಲುಗಳಲ್ಲಿ ಕೈದಿಗಳು ಪರಸ್ಪರರಿಂದಲೂ ಕಾವಲುಗಾರರಿಂದಲೂ ಏಟು ತಿನ್ನುತ್ತಿದ್ದಾರೆ, ರಾಜ್ಯಕ್ಕೆ ಇದು ಗೊತ್ತು.